ಹೊಸ ಕುದುರೆ, ಹಳೆಯ ಸವಾರ

ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಅಡಿಗೆಮನೆಯ ಒಲೆ, ಬಚ್ಚಲ ಹಂಡೆ, ಮಕ್ಕಳ ಓದು, ವೃದ್ಧರ ಆರೋಗ್ಯ ಮೊದಲಾದ ವಿಷಯಗಳನ್ನೇ ಎತ್ತಿಕೊಳ್ಳುವೆವೆಂಬುದು ನಮ್ಮ ವಾಚಕರಿಗೆ ತಿಳಿದೇ ಇದೆ. ಈ ಮಾಸದಲ್ಲಿ ಮೋಟಾರುಸೈಕಲ್ಲಿನ ವಿಷಯವನ್ನು ಬರೆಯಹೊರಟುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. "ಪಂದ್ಯದ ಗಾಡಿಗೂ ಗೃಹಸ್ಥನಿಗೂ ಏನು ಸಂಬಂಧ?" ಎಂದು ಕೇಳುವವರೂ ಇರಬಹುದು. ಸಂಬಂಧವುಂಟು. ಪ್ರಾಯಕ್ಕೆ ಬಂದ ಮಗನಿರುವ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಮಾತು ಏಳದೆ ಹೋಗುವುದು ಅಪರೂಪ. ಎದ್ದ ದಿನ ತಂದೆಗೆ ಸಿಟ್ಟು, ತಾಯಿಗೆ ಕಣ್ಣೀರು. ಮಗನು ಕೋಣೆಯ ಬಾಗಿಲನ್ನು ಹಾಕಿಕೊಳ್ಳುವನು. ಆದರೆ ಆ ಗಾಡಿಯ ಗುಣವೇನು, ದೋಷವೇನು ಎಂಬುದನ್ನು ಹಿರಿಯರಲ್ಲಿ ಒಬ್ಬರಾದರೂ ಹತ್ತಿ ನೋಡಿ ಮಾತನಾಡುವುದು ಕಡಮೆ. ನಾವು ಹತ್ತಿ ನೋಡಿದೆವು. ಕಂಡುದನ್ನು ಕಂಡಂತೆ ಹೇಳುವುದೇ ಈ ಲೇಖನದ ಉದ್ದೇಶ.

ಸಂದರ್ಭವು ಒದಗಿದುದು ಹೀಗೆ. ನಮ್ಮ ಅಕ್ಕನ ಮನೆಯು ಮೈಸೂರಿನಲ್ಲಿದೆ. ಭಾವನವರು ಯಾದವಗಿರಿಯ ಐಡಿಯಲ್ ಜಾವಾ ಕಾರಖಾನೆಯಲ್ಲಿ ಕೆಲಸಕ್ಕಿದ್ದವರು. 1961ರಲ್ಲಿ ಆರಂಭವಾಗಿ, ಮೊದಲು ಜಾವಾ ಎಂಬ ಹೆಸರಿನಿಂದಲೂ ಅನಂತರ ಯೆಜ್ಡಿ ಎಂಬ ಹೆಸರಿನಿಂದಲೂ ದೇಶಕ್ಕೆಲ್ಲ ಮೋಟಾರುಸೈಕಲ್ಲುಗಳನ್ನು ಕಳುಹಿಸಿದ ಆ ಕಾರಖಾನೆಯು 1996ರಲ್ಲಿ ಮುಚ್ಚಿಹೋಯಿತು. ಅಲ್ಲಿಯೇ ತಯಾರಾದ ಒಂದು ಯೆಜ್ಡಿ ರೋಡ್‌ಕಿಂಗು ಭಾವನವರ ಬಳಿ ಇದ್ದಿತು. ಅವರು ತೀರಿಕೊಂಡ ಮೇಲೆ ಅಕ್ಕನು ಅದನ್ನು ಮಾರಲೊಪ್ಪದೆ, "ನೀನೇ ಓಡಿಸು, ನಿಂತರೆ ತುಕ್ಕು ಹಿಡಿದೀತು" ಎಂದು ನಮ್ಮ ವಶಕ್ಕೆ ಕೊಟ್ಟಳು. ಹತ್ತು ವರ್ಷಗಳಿಂದ ನಮಗೆ ಅದೇ ವಾಹನ.

ಈಚೆಗೆ ಅವಳ ಮಗನಿಗೆ ಬೆಂಗಳೂರಿನಲ್ಲಿ ಉದ್ಯೋಗವಾಯಿತು. ಮೊದಲನೆಯ ವರ್ಷದ ಉಳಿತಾಯಕ್ಕೆ ಸ್ವಲ್ಪ ಸಾಲವನ್ನೂ ಸೇರಿಸಿ, ತಾಯಿಗೆ ಮುಂಚಿತವಾಗಿ ತಿಳಿಸದೆ, ಯಮಹಾ ಆರ್‌15 ಎಂಬ ಪಂದ್ಯದ ಮಾದರಿಯ ಮೋಟಾರುಸೈಕಲ್ಲನ್ನು ಕೊಂಡು, ಒಂದು ಶನಿವಾರ ಸಂಜೆ ಅದರ ಮೇಲೆಯೇ ಮನೆಗೆ ಬಂದಿಳಿದನು. ಇನ್ನು ಮುಂದೆ ಪ್ರತಿ ಶನಿವಾರವೂ ರೈಲನ್ನು ಬಿಟ್ಟು ಇದರಲ್ಲಿಯೇ ಬರುವೆನೆಂದನು. ಅಕ್ಕನು ಏನೂ ಆಡಲಿಲ್ಲ. ಆ ರಾತ್ರಿ ಊಟವನ್ನೂ ಮಾಡಲಿಲ್ಲ. ನಮಗೆ ಹೇಳಿಕಳುಹಿಸಿ, "ನನಗೆ ಗಾಡಿಯ ವಿಷಯ ತಿಳಿಯದು. ಬೇಡವೆಂದರೆ ಅವನು ಕೇಳುವ ವಯಸ್ಸಿನವನಲ್ಲ. ನೀನು ಒಮ್ಮೆ ಓಡಿಸಿ ನೋಡಿ, ಇದ್ದುದನ್ನು ಇದ್ದಂತೆ ಹೇಳು. ನನ್ನ ಸಮಾಧಾನಕ್ಕಾಗಿ ಹೇಳಬೇಡ" ಎಂದಳು.

ಮರುದಿನ ಬೆಳಗ್ಗೆ ಆರು ಗಂಟೆಗೆ ನಾವೂ ಸೋದರಳಿಯನೂ ಚಾಮುಂಡಿಬೆಟ್ಟಕ್ಕೆ ಹೊರಟೆವು. ಹೊಸ ಗಾಡಿಯನ್ನು ನಾವು ಓಡಿಸತಕ್ಕದ್ದು, ಯೆಜ್ಡಿಯನ್ನು ಅವನು ಓಡಿಸತಕ್ಕದ್ದು ಎಂಬುದಾಗಿ ಕರಾರಾಯಿತು. ಇಬ್ಬರಿಗೂ ಅಪರಿಚಿತವಾದ ವಾಹನ, ಪರಿಚಿತವಾದ ರಸ್ತೆ. ಗುಣಾವಗುಣಗಳನ್ನು ಹೋಲಿಸಲು ಇದಕ್ಕಿಂತ ಉತ್ತಮವಾದ ಏರ್ಪಾಡು ಇಲ್ಲವೆಂದು ನಮಗೆ ತೋರಿತು.

ಮೊದಲು ಕುಳಿತುಕೊಳ್ಳುವ ರೀತಿಯನ್ನು ಹೇಳಬೇಕು. ಯೆಜ್ಡಿಯ ಮೇಲೆ ಕೂರುವುದು ಜಗಲಿಯ ಮೇಲೆ ಕುಳಿತಂತೆ. ಬೆನ್ನು ನೆಟ್ಟಗೆ, ಕೈಗಳು ಎದೆಯ ಮಟ್ಟಕ್ಕೆ, ಪಾದಗಳು ಮಂಡಿಯ ಕೆಳಗೆ. ಹೊಸ ಗಾಡಿಯ ಸೀಟು ನೆಲದಿಂದ 815 ಮಿಲಿಮೀಟರು ಎತ್ತರದಲ್ಲಿದೆ. ಹ್ಯಾಂಡಲ್ಲು ಒಂದೇ ಕೊಳವೆಯಾಗಿರದೆ ಎರಡು ತುಂಡುಗಳಾಗಿ ಕೆಳಗೆ ತಗ್ಗಿದೆ. ಕಾಲಿಡುವ ಗೂಟಗಳು ಹಿಂದಕ್ಕೂ ಮೇಲಕ್ಕೂ ಸರಿದಿವೆ. ಆದುದರಿಂದ ಸವಾರನು ಪೆಟ್ರೋಲಿನ ಟ್ಯಾಂಕಿನ ಮೇಲೆ ಬಗ್ಗಿಕೊಂಡೇ ಇರಬೇಕು. ವೇಗದಲ್ಲಿ ಎದೆಗೆ ಗಾಳಿಯ ಹೊಡೆತ ತಗ್ಗಲೆಂದೂ, ದೇಹದ ಭಾರವು ಮುಂದಿನ ಚಕ್ರಕ್ಕೆ ಬೀಳಲೆಂದೂ ಮಾಡಿದ ಏರ್ಪಾಡಿದು. ಆದರೆ ಊರೊಳಗಿನ ನಿಧಾನ ಗತಿಯಲ್ಲಿ ಎದೆಯನ್ನು ಆನಿಸುವ ಗಾಳಿ ಇರುವುದಿಲ್ಲ. ಭಾರವೆಲ್ಲ ಮಣಿಕಟ್ಟಿಗೇ ಬೀಳುವುದು. ಬೆಟ್ಟದ ಬುಡ ಸೇರುವ ಮೊದಲೇ ನಮ್ಮ ಕೈಗಳು ಜೋಮು ಹಿಡಿದುವು. "ಮಾವ, ಮಂಡಿಗಳಿಂದ ಟ್ಯಾಂಕನ್ನು ಒತ್ತಿ ಹಿಡಿಯಿರಿ, ಕೈಗಳನ್ನು ಸಡಿಲ ಬಿಡಿ" ಎಂದು ಸೋದರಳಿಯನು ಕೂಗಿ ಹೇಳಿದನು. ಹಾಗೆ ಮಾಡಿದ ಮೇಲೆ ನೋವು ಅರ್ಧಕ್ಕಿಳಿಯಿತು. ತಗ್ಗಿದ ಹ್ಯಾಂಡಲ್ಲು ಹೆಚ್ಚು ಹೊರಳದಾದ ಕಾರಣ, ಇಕ್ಕಟ್ಟಿನ ರಸ್ತೆಯಲ್ಲಿ ಹಿಂದಿರುಗಿಸುವಾಗ ಯೆಜ್ಡಿಯು ಒಂದೇ ಸಲಕ್ಕೆ ತಿರುಗುವಲ್ಲಿ ಇದನ್ನು ಎರಡು ಸಲ ಹಿಂದುಮುಂದು ಸರಿಸಬೇಕಾಯಿತು. ಹಿಂಬದಿಯ ಸೀಟಿನ ಮಾತನ್ನು ಗೃಹಿಣಿಯರಿಗಾಗಿ ಹೇಳುವುದಾದರೆ, ಅದು ಬೀರುವಿನ ತಲೆಯ ಮೇಲೆ ಕುಳಿತಂತೆ ಎತ್ತರ, ಅಗಲವೋ ಒಂದು ಮಣೆಗಿಂತಲೂ ಕಡಮೆ. ಸೀರೆಯುಟ್ಟು ಒಂದು ಪಕ್ಕಕ್ಕೆ ಕೂರುವವರಿಗೆ ಅದು ಹೇಳಿಸಿದ ಆಸನವಲ್ಲ.

ಇನ್ನು ಎಂಜಿನುಗಳು. ಯೆಜ್ಡಿಯದು ಸುಮಾರು 250 ಸಿ.ಸಿ.ಯ ಎರಡು ಹೊಡೆತದ ಎಂಜಿನು. ಪೆಟ್ರೋಲಿನೊಡನೆ ಎಣ್ಣೆಯನ್ನೂ ಬೆರೆಸಬೇಕು. ಅದರ ಶಕ್ತಿ ಸುಮಾರು 16 ಕುದುರೆಗಳದು. ಹೊಸದು 155 ಸಿ.ಸಿ.ಯ ನಾಲ್ಕು ಹೊಡೆತದ, ನೀರಿನಿಂದ ತಂಪಾಗುವ ಎಂಜಿನು. ಶಕ್ತಿ ಸುಮಾರು 18 ಕುದುರೆಗಳು. ಅಂಕಿಗಳಲ್ಲಿ ಅಂತರವು ಅಲ್ಪ. ಸ್ವಭಾವದಲ್ಲಿ ಮಾತ್ರ ಬಹಳ. ಹಳೆಯದು ಕೆಳಗಿನ ಸುತ್ತುಗಳಲ್ಲಿಯೇ ಎತ್ತಿನಂತೆ ಎಳೆಯುವುದು. ಹೊಸದು ಮೊದಲು ಸೌಮ್ಯವಾಗಿ ನಡೆದು, ನಿಮಿಷಕ್ಕೆ ಸುಮಾರು 7,400 ಸುತ್ತುಗಳನ್ನು ಮುಟ್ಟಿದೊಡನೆ, ಒಳಬರುವ ಗಾಳಿಯ ಕವಾಟವನ್ನು ಹೆಚ್ಚು ತೆರೆಯುವ ಬೇರೊಂದು ಕ್ಯಾಮು ಕೆಲಸಕ್ಕೆ ತೊಡಗಿ, ಸ್ವರವೇ ಬದಲಾಗುವುದು. ಪೂರ್ಣಶಕ್ತಿಯು ದೊರೆಯುವುದು 10,000 ಸುತ್ತುಗಳಲ್ಲಿ. ಯೆಜ್ಡಿಯಲ್ಲಿ ನಾಲ್ಕು ಗೇರುಗಳಾದರೆ ಇಲ್ಲಿ ಆರು. ಯೆಜ್ಡಿಯನ್ನು ಒದೆದು ಚಾಲೂ ಮಾಡುವ ಸನ್ನೆಯೇ ಗೇರಿನ ಸನ್ನೆಯೂ ಆಗಿರುವುದರಿಂದ, ಹೊಸದರಲ್ಲಿ ಗುಂಡಿಯೊತ್ತಿದರೆ ಸಾಕಾದರೂ ನಮ್ಮ ಎಡಗಾಲು ಎರಡು ಮೂರು ಸಲ ಹಳೆಯ ಅಭ್ಯಾಸಕ್ಕೆ ಹೊರಟಿತು.

ಆದರೆ ಗಾಡಿಯ ಪರೀಕ್ಷೆಯು ನೇರರಸ್ತೆಯಲ್ಲಾಗುವುದಿಲ್ಲ, ತಿರುವಿನಲ್ಲಾಗುವುದು. ಬೆಟ್ಟದ ರಸ್ತೆಯು ಏರತೊಡಗಿದ ಮೇಲೆ ನಮಗೆ ಹೊಸ ಗಾಡಿಯ ನಿಜವಾದ ಗುಣವು ತಿಳಿಯಿತು.

ಎರಡು ಚಕ್ರದ ಯಾವ ವಾಹನವೂ ಹ್ಯಾಂಡಲ್ಲನ್ನು ತಿರುಗಿಸಿದ ಮಾತ್ರಕ್ಕೆ ತಿರುಗುವುದಿಲ್ಲ, ಓರೆಯಾಗಿ ತಿರುಗುವುದು. ಬಲಕ್ಕೆ ತಿರುಗಬೇಕಾದರೆ ಬಲಗೈಯ ಹಿಡಿಯನ್ನು ಸ್ವಲ್ಪ ಮುಂದಕ್ಕೆ ಒತ್ತಬೇಕು. ಆಗ ಚಕ್ರವು ಒಂದು ಕ್ಷಣ ಎಡಕ್ಕೆ ಸರಿದು, ಗಾಡಿಯು ಬಲಕ್ಕೆ ಓರೆಯಾಗಿ, ಆ ಓರೆಯ ಬಲದಿಂದಲೇ ಬಲಕ್ಕೆ ಹೊರಳುವುದು. ಸೈಕಲ್ಲನ್ನು ಓಡಿಸುವ ಪ್ರತಿಯೊಬ್ಬ ಹುಡುಗನೂ ಅರಿಯದೆ ಮಾಡುವ ಕೆಲಸವಿದು. ಯೆಜ್ಡಿಯಲ್ಲಿ ಇದಕ್ಕೆ ಸ್ವಲ್ಪ ಬಲವನ್ನು ಹಾಕಬೇಕು. ತಿರುವಿನ ನಡುವೆ ಗುಂಡಿ ಬಂದರೆ ಕೊಳವೆಗಳ ಚೌಕಟ್ಟು ಒಂದಿಷ್ಟು ಬಳುಕಿ, "ಎಚ್ಚರ" ಎಂದು ಸವಾರನಿಗೆ ಹೇಳುವುದು. ಹೊಸ ಗಾಡಿಯಲ್ಲಿ ಎರಡು ದಪ್ಪ ಉಕ್ಕಿನ ತೊಲೆಗಳು ಹ್ಯಾಂಡಲ್ಲಿನ ಬುಡದಿಂದ ಹಿಂಚಕ್ರದ ತೋಳಿನವರೆಗೆ ಎಂಜಿನನ್ನು ಅಪ್ಪಿಕೊಂಡಿವೆ. ಎರಡು ಚಕ್ರಗಳ ನಡುವಣ ಅಂತರವು 1,325 ಮಿಲಿಮೀಟರು ಮಾತ್ರ. ತೂಕವು ಸುಮಾರು 140 ಕಿಲೋ. ಹಿಂದಿನ ಟೈರು ಅಗಲವಾದ ರೇಡಿಯಲ್ ಜಾತಿಯದು. ಇವೆಲ್ಲ ಸೇರಿ, ಸವಾರನು ಒತ್ತಿದಷ್ಟೇ ಓರೆಯಾಗಿ, ಓರೆಯಾದಷ್ಟರಲ್ಲಿಯೇ ನಿಂತು, ಗೆರೆ ಎಳೆದಂತೆ ತಿರುವನ್ನು ಮುಗಿಸುವುದು. ನಾಲ್ಕನೆಯ ತಿರುವಿಗೆ ನಮ್ಮ ಭಯವು ಹೋಯಿತು. ಆರನೆಯದಕ್ಕೆ ಸಂತೋಷವಾಯಿತು. ಐವತ್ತು ದಾಟಿದ ಗೃಹಸ್ಥರು ಹೀಗೆ ಬರೆಯಬಹುದೋ ಇಲ್ಲವೋ, ಸತ್ಯವನ್ನಂತೂ ಬರೆಯಬೇಕು: ನಮಗೆ ಇಳಿಯಲು ಮನಸ್ಸೇ ಆಗಲಿಲ್ಲ.

ನಮ್ಮನ್ನು ಹೆದರಿಸಿದುದು ಆಮೇಲೆ ಬಂದಿತು. ಒಂದು ತಿರುವನ್ನು ಯೆಜ್ಡಿಯಲ್ಲಿ ನಾವು ಯಾವಾಗಲೂ ಗಂಟೆಗೆ 36 ಕಿಲೋಮೀಟರಿನ ಆಸುಪಾಸಿನಲ್ಲಿ ದಾಟುತ್ತೇವೆ. ಅಂದೂ ಅದೇ ಎಚ್ಚರದಿಂದ, ಅದೇ ನೆಮ್ಮದಿಯಿಂದ ದಾಟಿದೆವೆಂದು ಭಾವಿಸಿ, ತಿರುವಿನ ಕೊನೆಯಲ್ಲಿ ವೇಗದ ಅಂಕಿಯನ್ನು ನೋಡಿದರೆ 54 ಇದ್ದಿತು! ನಾವು ವೇಗವನ್ನು ಬೇಡಿರಲಿಲ್ಲ. ವೇಗವಿದೆಯೆಂದು ಅರಿತೂ ಇರಲಿಲ್ಲ.

ಇದರ ಅರ್ಥವನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸುತ್ತೇವೆ. 36 ಎಂದರೆ ಸೆಕೆಂಡಿಗೆ 10 ಮೀಟರು. 54 ಎಂದರೆ 15 ಮೀಟರು. ವೇಗವು ಒಂದೂವರೆ ಪಾಲಾಯಿತು. ಆದರೆ ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ದೂಡುವ ಬಲವು ವೇಗದ ವರ್ಗದಂತೆ ಏರುವುದರಿಂದ, ಅದು ಎರಡೂಕಾಲು ಪಾಲಾಯಿತು. ತಿರುವಿನ ತ್ರಿಜ್ಯವನ್ನು 40 ಮೀಟರೆಂದು ಇಟ್ಟುಕೊಂಡರೆ, ಮೊದಲನೆಯ ವೇಗದಲ್ಲಿ ಗಾಡಿಯು ಸುಮಾರು 14 ಡಿಗ್ರಿ ಓರೆಯಾದರೆ ಸಾಕು. ಎರಡನೆಯದರಲ್ಲಿ ಸುಮಾರು 30 ಡಿಗ್ರಿ ಓರೆಯಾಗಬೇಕು. ನಿಲ್ಲಿಸುವ ಲೆಕ್ಕವೂ ಹಾಗೆಯೇ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಒಳ್ಳೆಯ ಬ್ರೇಕು 10 ಮೀಟರಿನ ವೇಗವನ್ನು ಸುಮಾರು 7 ಮೀಟರು ದೂರದಲ್ಲಿ ನಿಲ್ಲಿಸಿದರೆ, 15ರ ವೇಗವನ್ನು ನಿಲ್ಲಿಸಲು ಸುಮಾರು 16 ಮೀಟರು ಬೇಕು. ಕಣ್ಣು ಕಂಡು ಕೈ ಒತ್ತುವುದರೊಳಗೆ ಒಂದು ಸೆಕೆಂಡು ಕಳೆದರೆ ಅದರ ದೂರವು ಬೇರೆ. ಮೊದಲನೆಯದಕ್ಕೆ ಒಟ್ಟು 17 ಮೀಟರು, ಎರಡನೆಯದಕ್ಕೆ 31. ತಿರುವಿನಾಚೆ ಕಾಣುವುದು ಇಪ್ಪತ್ತೈದು ಮೀಟರಾದರೆ ವಾಚಕರೇ ಊಹಿಸಿಕೊಳ್ಳಬಹುದು. ಹಳೆಯ ಗಾಡಿಯು ನಡುಗಿ, ಬಳುಕಿ, ಗದ್ದಲಮಾಡಿ ತನ್ನ ವೇಗವನ್ನು ತಾನೇ ಸಾರುವುದು. ಹೊಸದು ಸುಶಿಕ್ಷಿತವಾದ ಆಳಿನಂತೆ ತನ್ನ ಶ್ರಮವನ್ನು ಯಜಮಾನನಿಗೆ ತೋರಗೊಡುವುದಿಲ್ಲ.

ಬೆಟ್ಟದ ಮೇಲೆ ದೇವಿಯ ದರ್ಶನವನ್ನು ಮುಗಿಸಿ ಕಾಫಿಯನ್ನು ಕುಡಿದು ಇಳಿಯತೊಡಗಿದೆವು. ಹೊರಡುವ ಮೊದಲು ಸೋದರಳಿಯನಿಗೆ ಮೂರು ಮಾತುಗಳನ್ನು ಹೇಳಿದೆವು. ಯೆಜ್ಡಿಯ ಎರಡು ಚಕ್ರಗಳಿಗೂ ಹಳೆಯ ಕಾಲದ ಡ್ರಮ್ಮಿನ ಬ್ರೇಕುಗಳು. ಎರಡನ್ನೂ ಒಟ್ಟಿಗೆ ಹಿಡಿಯಬೇಕು, ಬೇಗನೆ ಆರಂಭಿಸಬೇಕು. ಎರಡು ಹೊಡೆತದ ಎಂಜಿನು ಇಳಿಜಾರಿನಲ್ಲಿ ಗಾಡಿಯನ್ನು ಹೆಚ್ಚು ತಡೆಯಲಾರದು. ಆದುದರಿಂದ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು. ಎಣ್ಣೆಯು ಪೆಟ್ರೋಲಿನೊಡನೆಯೇ ಹೋಗುವುದರಿಂದ, ಆಗಾಗ ಆಕ್ಸಿಲರೇಟರನ್ನು ಸ್ವಲ್ಪ ತಿರುಗಿಸಿ ಎಂಜಿನಿಗೆ ಎಣ್ಣೆಯನ್ನು ಕುಡಿಸಬೇಕು.

ಅವನಿಗೆ ಉಪದೇಶಮಾಡಿದ ನಾವೇ ಮೊದಲು ತಪ್ಪಿದೆವು. ಎರಡು ತಿರುವುಗಳನ್ನು ಇಳಿದಿದ್ದೆವೋ ಇಲ್ಲವೋ, ಒಂದು ಕೋತಿಯು ಮರಿಯನ್ನು ಅವಚಿಕೊಂಡು ಪಕ್ಕದ ಗೋಡೆಯಿಂದ ರಸ್ತೆಗೆ ಹಾರಿತು. ಡ್ರಮ್ಮಿನ ಬ್ರೇಕಿಗೆ ಒಗ್ಗಿದ ನಮ್ಮ ಕೈ ನಾಲ್ಕು ಬೆರಳುಗಳನ್ನೂ ಸೇರಿಸಿ ಮುಂದಿನ ಸನ್ನೆಯನ್ನು ಬಲವಾಗಿ ಎಳೆಯಿತು. ಹೊಸ ಗಾಡಿಯ ತಟ್ಟೆಯ ಬ್ರೇಕಿಗೆ ಎರಡು ಬೆರಳುಗಳೇ ಸಾಕು. ಮೂತಿಯು ತಟ್ಟನೆ ಕುಸಿಯಿತು; ರಸ್ತೆಯ ಮೇಲೆ ಮರಳು ಬೇರೆ ಇದ್ದಿತು. ಆಗ ಸನ್ನೆಯಲ್ಲಿ ಟಕಟಕನೆ ಬೆರಳುಗಳನ್ನು ತಟ್ಟಿದಂತಾಯಿತು. ಚಕ್ರವು ಕಚ್ಚಿಕೊಂಡು ಜಾರದಂತೆ ಬ್ರೇಕನ್ನು ತಾನೇ ಬಿಟ್ಟುಬಿಟ್ಟು ಹಿಡಿಯುವ ಎ.ಬಿ.ಎಸ್. ಎಂಬ ಉಪಕರಣವು ತನ್ನ ಕೆಲಸವನ್ನು ಮಾಡುತ್ತಿದ್ದಿತು. ಗಾಡಿಯು ನೇರವಾಗಿ ನಿಂತಿತು. ಕೋತಿಯು ನಮ್ಮನ್ನೊಮ್ಮೆ ನೋಡಿ ಹೊರಟುಹೋಯಿತು. 125 ಸಿ.ಸಿ.ಗಿಂತ ದೊಡ್ಡದಾದ ಹೊಸ ಗಾಡಿಗಳಿಗೆಲ್ಲ 2019ನೆಯ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಈ ಉಪಕರಣವು ಕಡ್ಡಾಯವಾಗಿದೆ. ಅದಿಲ್ಲದಿದ್ದರೆ ಈ ಮಾಸದ ಅಂಕಣವನ್ನು ಬೇರೆಯವರು ಬರೆಯಬೇಕಾಗುತ್ತಿತ್ತೋ ಏನೋ.

ಬುಡಕ್ಕೆ ಬಂದು ನಿಂತು ಕಾದೆವು. ಸೋದರಳಿಯನು ಐದು ನಿಮಿಷ ತಡವಾಗಿ ಬಂದನು. ಶಿರಸ್ತ್ರಾಣವನ್ನು ತೆಗೆದಾಗ ಹಣೆಯೆಲ್ಲ ಬೆವರು.

"ಮಾವ, ಇದು ನಿಲ್ಲುವುದೇ ಇಲ್ಲವಲ್ಲ!" ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ಇದರಲ್ಲಿ ಅಮ್ಮನನ್ನು ಕೂರಿಸಿಕೊಂಡು ಮಡಿಕೇರಿಗೆ ಹೋಗುತ್ತಿದ್ದರಂತೆ. ಆ ಘಟ್ಟದಲ್ಲಿ ಹೇಗೆ ನಿಲ್ಲಿಸುತ್ತಿದ್ದರು?" ಎಂದು ಕೇಳಿದನು.

"ನಿಲ್ಲಿಸುತ್ತಿರಲಿಲ್ಲಪ್ಪ. ತಟ್ಟನೆ ನಿಲ್ಲಿಸಬೇಕಾದ ಸಂದರ್ಭ ಬಾರದ ಹಾಗೆ ಓಡಿಸುತ್ತಿದ್ದರು" ಎಂದೆವು.

ಅವನು ಉತ್ತರಕೊಡಲಿಲ್ಲ. ನಾವು ಕೋತಿಯ ವೃತ್ತಾಂತವನ್ನೂ 54ರ ವೃತ್ತಾಂತವನ್ನೂ ಮುಚ್ಚಿಡದೆ ಹೇಳಿದೆವು. ಮೂವತ್ತು ವರ್ಷಗಳ ಅನುಭವವಿರುವ ಮಾವನು ತನ್ನ ಗಾಡಿಯಲ್ಲಿ ಮೋಸಹೋದನೆಂಬುದನ್ನು ಕೇಳಿ ಅವನು ನಗುವನೆಂದುಕೊಂಡಿದ್ದೆವು, ನಗಲಿಲ್ಲ. "ನನಗೂ ಹಾಗೆ ಆಗಿದೆ ಮಾವ. ನಿನ್ನೆ ಬರುವಾಗ ಮದ್ದೂರಿನ ಬಳಿ. ಅಮ್ಮನಿಗೆ ಹೇಳಿಲ್ಲ" ಎಂದನು.

ಮನೆಗೆ ಹಿಂದಿರುಗುವಾಗಲೂ ಅವನು ಯೆಜ್ಡಿಯನ್ನೇ ಓಡಿಸುವೆನೆಂದನು. ಅದರ ಸದ್ದು ಬೀದಿಯ ತಿರುವಿನಲ್ಲಿ ಕೇಳಿದೊಡನೆ ಅಕ್ಕನು ಬಾಗಿಲಿಗೆ ಬಂದಳು. ಎಷ್ಟೋ ವರ್ಷಗಳ ಮೇಲೆ ತನ್ನ ಮನೆಯವರ ಗಾಡಿಯ ಮೇಲೆ ತನ್ನ ಮನೆಯ ಹುಡುಗನು ಬರುವುದನ್ನು ನೋಡುತ್ತ ನಿಂತಳು. ಒಳಗೆ ಹೋಗಿ ಇಬ್ಬರಿಗೂ ದೋಸೆಯನ್ನು ಬಡಿಸಿದ ಮೇಲೆ, "ಏನು ನೋಡಿದೆ, ಹೇಳು" ಎಂದಳು.

ಮಗನ ಎದುರಿನಲ್ಲಿಯೇ ಹೇಳಿದೆವು. "ಅಕ್ಕಾ, ಗಾಡಿ ಕೆಟ್ಟದ್ದಲ್ಲ. ತಿರುವಿನಲ್ಲಿ ಭಾವನವರ ಗಾಡಿಗಿಂತ ಇದು ನೂರು ಪಾಲು ಮೇಲು; ನಿಲ್ಲುವುದರಲ್ಲಿಯೂ ಮೇಲು. ಇದರ ದೋಷವೆಲ್ಲ ಇದರ ಗುಣದಲ್ಲಿಯೇ ಇದೆ. ಓಡಿಸುವವನ ತಪ್ಪನ್ನು ಕಡೆಯ ಗಳಿಗೆಯವರೆಗೂ ತೋರಗೊಡುವುದಿಲ್ಲ."

"ಅದು ಗಾಡಿಯ ಮಾತಾಯಿತು. ನಿನ್ನ ಮಗನಾಗಿದ್ದರೆ ಪ್ರತಿ ಶನಿವಾರವೂ ಇದರಲ್ಲಿ ಬಾ ಎನ್ನುತ್ತಿದ್ದೆಯಾ?"

"ಎನ್ನುತ್ತಿರಲಿಲ್ಲ" ಎಂದೆವು. ಕಾರಣಗಳನ್ನೂ ಹೇಳಿದೆವು. ಬೆಂಗಳೂರಿಗೂ ಮೈಸೂರಿಗೂ ಸುಮಾರು 145 ಕಿಲೋಮೀಟರು. ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ನೆಯ ಆಗಸ್ಟಿನಿಂದ ದ್ವಿಚಕ್ರವಾಹನಗಳಿಗೆ ಪ್ರವೇಶವಿಲ್ಲವಾದುದರಿಂದ ಪಕ್ಕದ ಸೇವಾರಸ್ತೆಯಲ್ಲಿ, ಊರೂರಿನ ಜನ ದನ ಬಂಡಿಗಳ ನಡುವೆ ಬರಬೇಕು. ವಾರವೆಲ್ಲ ದುಡಿದು ದಣಿದವನು, ಬಗ್ಗಿ ಕೂರುವ ಗಾಡಿಯ ಮೇಲೆ, ಕತ್ತಲಾಗುವ ಹೊತ್ತಿನಲ್ಲಿ ಬರುವುದೆಂದರೆ ಗಾಡಿಯ ಗುಣವು ಎಷ್ಟೇ ಇರಲಿ, ಕಣ್ಣೂ ಕೈಯೂ ಸೋತಿರುತ್ತವೆ. ಬೆಟ್ಟಕ್ಕೆ ಹೋಗಲಿ, ಭಾನುವಾರದ ಬೆಳಗ್ಗೆ ಗೆಳೆಯರೊಡನೆ ಹೋಗಲಿ, ನಮ್ಮ ಅಭ್ಯಂತರವಿಲ್ಲ.

ಅಕ್ಕನು ಮಗನ ಮುಖವನ್ನು ನೋಡಿದಳು. ಅವನು ತಟ್ಟೆಯನ್ನು ನೋಡುತ್ತ, "ಮದ್ದೂರಿನ ಬಳಿ ಒಂದು ಎತ್ತಿನಗಾಡಿ ಅಡ್ಡ ಬಂತು ಅಮ್ಮ" ಎಂದು ತಾನಾಗಿಯೇ ಆರಂಭಿಸಿ ಎಲ್ಲವನ್ನೂ ಹೇಳಿದನು. ಅವಳು ಗದರಿಸಲಿಲ್ಲ. ಕೇಳಿ ಮುಗಿದ ಮೇಲೆ ಅವನ ತಟ್ಟೆಗೆ ಮತ್ತೊಂದು ದೋಸೆಯನ್ನು ಹಾಕಿದಳು. ಈಗ ಅವನು ಶನಿವಾರಗಳಲ್ಲಿ ರೈಲಿನಲ್ಲಿಯೇ ಬರುತ್ತಾನೆ. ಭಾನುವಾರ ಬೆಳಗ್ಗೆ ನಮ್ಮ ಮನೆಗೆ ಬಂದು ಯೆಜ್ಡಿಯನ್ನು ಕೇಳುತ್ತಾನೆ.

ಇಂಥ ಗಾಡಿಯು ಮನೆಗೆ ಬಂದಿರುವ, ಅಥವಾ ಬರಲಿರುವ ಗೃಹಸ್ಥರಿಗೆ ನಮ್ಮ ಸೂಚನೆಗಳು ಇಷ್ಟೆ. ಅಪರಿಚಿತವಾದ ಗಾಡಿಯನ್ನು ಯಾರೇ ಹತ್ತಲಿ, ಮೊದಲು ನಿಂತಲ್ಲಿಯೇ ಬ್ರೇಕು, ಕ್ಲಚ್ಚು, ಗೇರು, ಹಾರನ್ನುಗಳನ್ನು ಕಣ್ಣು ನೋಡದೆ ಕೈಕಾಲುಗಳು ಹುಡುಕಿಕೊಳ್ಳುವಷ್ಟು ಅಭ್ಯಾಸಮಾಡಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ ಹತ್ತು ಸಲ, ಮೊದಲು ನಿಧಾನವಾಗಿಯೂ ಅನಂತರ ಸ್ವಲ್ಪ ವೇಗದಿಂದಲೂ, ನಿಲ್ಲಿಸಿ ನೋಡಬೇಕು. ತಿರುವಿನ ಮೊದಲೇ ವೇಗವನ್ನು ತಗ್ಗಿಸಬೇಕು. ತಿರುವಿನೊಳಗೆ ಸೇರಿದ ಮೇಲೆ ಬ್ರೇಕನ್ನು ಹುಡುಕಬಾರದು. ನೆಮ್ಮದಿಯನ್ನು ನಂಬದೆ ಅಂಕಿಯನ್ನು ನೋಡಬೇಕು. 1988ರ ಮೋಟಾರುವಾಹನಗಳ ಕಾಯಿದೆಯ 129ನೆಯ ವಿಧಿಯಂತೆ ಶಿರಸ್ತ್ರಾಣವು ಕಡ್ಡಾಯ. ಅದನ್ನು ಪೊಲೀಸರಿಗಾಗಿ ಅಲ್ಲದೆ ತಲೆಗಾಗಿ ಧರಿಸಿ, ಗದ್ದದ ಪಟ್ಟಿಯನ್ನು ಬಿಗಿಯಬೇಕು.

ಹಿರಿಯರಿಗೆ ಇನ್ನೊಂದು ಮಾತುಂಟು. ಮಗನ ಗಾಡಿಯನ್ನು ಬೈಯುವ ಮೊದಲು ಅದನ್ನು ಒಮ್ಮೆ ತಿಳಿಯಿರಿ. ಓಡಿಸಲು ಬಲ್ಲವರು ಓಡಿಸಿ. ಬಾರದವರು ಪಕ್ಕದಲ್ಲಿ ನಿಂತು ಅವನಿಂದಲೇ ಪಾಠ ಹೇಳಿಸಿಕೊಳ್ಳಿ. ನಾವು ಕೋತಿಯ ಕಥೆಯನ್ನು ಹೇಳದಿದ್ದಲ್ಲಿ ಅವನು ಮದ್ದೂರಿನ ಕಥೆಯನ್ನು ಹೇಳುತ್ತಿರಲಿಲ್ಲ.